ಡಾ. ಲೂಸಿ ವಿಲ್ಸ್: ಪರೇಲ್‌ನ ಬಸುರಿ ಹೆಂಗಸರ ರಕ್ತಹೀನತೆಗೆ ಉತ್ತರ ಹುಡುಕಿದ ಬಾಳು

ಮನೆಯಲ್ಲಿ ಯಾರಿಗಾದರೂ ಎದೆಬಡಿತ ತಾಳ ತಪ್ಪಿದೆ ಎಂದು ಡಾಕ್ಟರು ಹೇಳಿದರೆ ನಾವೆಲ್ಲ ಗಾಬರಿಯಾಗುತ್ತೇವೆ. ಇಸಿಜಿ, ಎಕೋ, ಹೋಲ್ಟರ್ ಎಂದು ಓಡಾಟ ಶುರುವಾಗುತ್ತದೆ. ಈ ದೊಡ್ಡ ಪರೀಕ್ಷೆಗಳ ಪಟ್ಟಿಯಲ್ಲಿ ಒಂದು ಚಿಕ್ಕ ಪರೀಕ್ಷೆಯೂ ಇರುತ್ತದೆ, ಹಿಮೋಗ್ಲೋಬಿನ್. ಅದರ ಅಂಕಿ ಕಡಿಮೆ ಬಂದರೂ ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಂಗಸರಿಗೆ ರಕ್ತ ಕಡಿಮೆ ಇರುವುದು ಇದ್ದದ್ದೇ ಎಂದು ರಿಪೋರ್ಟನ್ನು ಫೈಲಿಗೆ ಸೇರಿಸಿಬಿಡುತ್ತೇವೆ.

ಈ ಇದ್ದದ್ದೇ ಎಂಬ ಮಾತನ್ನು ಒಪ್ಪದ ಒಬ್ಬ ಹೆಣ್ಣುಮಗಳು ಸುಮಾರು ನೂರು ವರ್ಷಗಳ ಹಿಂದೆ ನಮ್ಮ ಮುಂಬಯಿಗೆ ಬಂದಿದ್ದರು. ಡೊಂಬಿವಲಿ, ಕಲ್ಯಾಣ್, ಠಾಣೆಗಳಿಂದ ಸೆಂಟ್ರಲ್ ಲೈನಿನಲ್ಲಿ ನಾವು ದಿನವೂ ದಾಟಿಹೋಗುವ ಪರೇಲ್‌ನಲ್ಲಿ, ಹಾಫ್‌ಕಿನ್ ಸಂಸ್ಥೆಯ ಪ್ರಯೋಗಾಲಯದಲ್ಲಿ ಕುಳಿತು ಗಿರಣಿ ಕೇರಿಯ ಬಡ ಗರ್ಭಿಣಿಯರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಅವರು. ಇಂದು ಪ್ರತಿಯೊಬ್ಬ ಬಸುರಿಯ ಕೈಗೂ ಬರುವ ಫೋಲಿಕ್ ಆಸಿಡ್ ಮಾತ್ರೆಯ ಮೂಲ ಅಲ್ಲಿದೆ. ಅವರೇ ಡಾ. ಲೂಸಿ ವಿಲ್ಸ್.

ಪದವಿ ಕೊಡದ ವಿಶ್ವವಿದ್ಯಾಲಯ

ಲೂಸಿ ಹುಟ್ಟಿದ್ದು 1888ರ ಮೇ 10ರಂದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ. ತಂದೆಯ ಕಡೆಯವರು ಕುಡುಗೋಲು ಮೊದಲಾದ ಹರಿತದ ಸಲಕರಣೆ ತಯಾರಿಸುವ ಉದ್ಯಮ ನಡೆಸಿದವರು. ತಂದೆ ವಿಜ್ಞಾನ ಓದಿದ್ದರು. ತಾಯಿ ಬರ್ಮಿಂಗ್‌ಹ್ಯಾಮಿನ ಹೆಸರಾಂತ ವೈದ್ಯರೊಬ್ಬರ ಮಗಳು. ಹೆಣ್ಣುಮಕ್ಕಳಿಗೂ ವಿಜ್ಞಾನ ಕಲಿಸುತ್ತಿದ್ದ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಓದಿ, 1907ರಲ್ಲಿ ಲೂಸಿ ಕೇಂಬ್ರಿಜ್‌ನ ನ್ಯೂನಮ್ ಕಾಲೇಜು ಸೇರಿದರು. ಅಲ್ಲಿ ಆರಿಸಿಕೊಂಡದ್ದು ಸಸ್ಯಶಾಸ್ತ್ರ ಮತ್ತು ಭೂವಿಜ್ಞಾನ.

1911ರಲ್ಲಿ ಪರೀಕ್ಷೆ ಪಾಸಾದರೂ ಅವರಿಗೆ ಪದವಿ ಸಿಗಲಿಲ್ಲ. ಹೆಂಗಸರು ತರಗತಿಯಲ್ಲಿ ಕೂರಬಹುದು, ಪರೀಕ್ಷೆ ಬರೆಯಬಹುದು, ಪದವಿ ಮಾತ್ರ ಗಂಡಸರಿಗೆ ಎಂಬುದು ಆಗಿನ ಕೇಂಬ್ರಿಜ್‌ನ ನಿಯಮವಾಗಿತ್ತು. ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ, ಅಂದರೆ ಲೂಸಿ ಕೆಲಸದಿಂದ ನಿವೃತ್ತರಾದ ಮೇಲೆ!

ಅದೇ 1911ರಲ್ಲಿ ತಂದೆ ತೀರಿಕೊಂಡರು. 1913ರಲ್ಲಿ ಅಕ್ಕನೂ ಹೋದಳು. ಲೂಸಿ ತಾಯಿಯೊಂದಿಗೆ ಸಿಲೋನಿಗೆ, ಮರುವರ್ಷ ತಮ್ಮನೊಂದಿಗೆ ದಕ್ಷಿಣ ಆಫ್ರಿಕಾಕ್ಕೆ ಪ್ರಯಾಣ ಮಾಡಿದರು. ಮುಂದೇನು ಎಂಬುದು ಇನ್ನೂ ನಿಶ್ಚಯವಾಗಿರಲಿಲ್ಲ. ಅಷ್ಟರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ತಮ್ಮ ಸೈನ್ಯಕ್ಕೆ ಸೇರಿದ, ಅಕ್ಕ ಕೇಪ್‌ಟೌನಿನ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ರೋಗಿಗಳ ಶುಶ್ರೂಷೆಗೆ ನಿಂತರು. ಅಲ್ಲಿಂದ ಹಿಂತಿರುಗಿದವರೇ 1915ರ ಜನವರಿಯಲ್ಲಿ ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಗೆ ಸೇರಿದರು. ಡಾಕ್ಟರಾದಾಗ 1920, ವಯಸ್ಸು 32.

ಆ ಲಂಡನ್ ಶಾಲೆಗೂ ನಮಗೂ ಹತ್ತಿರದ ನಂಟಿದೆ. ಮುಂಬಯಿಯ ಡಾ. ರಖ್ಮಾಬಾಯಿ ಓದಿದ್ದು ಅಲ್ಲೇ. ನಮ್ಮ ಶಿವಮೊಗ್ಗದಲ್ಲಿ ಹುಟ್ಟಿ, ಮುಂದೆ ಮುಂಬಯಿಯ ಕಾಮಾ ಆಸ್ಪತ್ರೆಯನ್ನು 1928ರಿಂದ 1947ರವರೆಗೆ ಮುನ್ನಡೆಸಿದ ಡಾ. ಜೆರುಶಾ ಝಿರಾಡ್ ಅವರೂ ಅಲ್ಲಿನ ವಿದ್ಯಾರ್ಥಿನಿ. ಇವರಿಗೆಲ್ಲ ದಾರಿ ತೋರಿದವರ ಸಾಲಿನಲ್ಲಿ ಕಲ್ಯಾಣದಲ್ಲಿ ಹುಟ್ಟಿದ ಆನಂದಿಬಾಯಿ ಜೋಶಿ ಇದ್ದಾರೆ. ಅವರು 1886ರಲ್ಲಿ ಅಮೆರಿಕದಲ್ಲಿ ವೈದ್ಯ ಪದವಿ ಪಡೆದು, ಊರಿಗೆ ಮರಳಿ, ಮರುವರ್ಷವೇ ಕ್ಷಯದಿಂದ ತೀರಿಕೊಂಡರು. ಹೆಣ್ಣಿನ ಕಾಯಿಲೆಗೆ ಹೆಣ್ಣು ಡಾಕ್ಟರು ಬೇಕು ಎಂಬ ಹಂಬಲ ಆ ಕಾಲದ ಈ ಎಲ್ಲರ ಬಾಳಿನಲ್ಲೂ ಕಾಣುತ್ತದೆ.

ಡಾಕ್ಟರಾದ ಮೇಲೆ ಲೂಸಿ ದವಾಖಾನೆ ತೆರೆಯಲಿಲ್ಲ. ರಾಯಲ್ ಫ್ರೀ ಆಸ್ಪತ್ರೆಯಲ್ಲಿ, ಗರ್ಭಿಣಿಯ ದೇಹದಲ್ಲಿ ಏನೇನು ಬದಲಾವಣೆಗಳಾಗುತ್ತವೆ ಎಂಬುದರ ಸಂಶೋಧನೆಗೆ ಕುಳಿತರು. ಹಣ, ಹೆಸರು ಎರಡೂ ಅಷ್ಟಾಗಿ ಸಿಗದ ಕೆಲಸ ಅದು. ಆದರೆ ಆ ಕೆಲಸವೇ ಅವರನ್ನು ಮುಂಬಯಿಗೆ ಕರೆತಂದಿತು.

ಪರೇಲ್‌ಗೆ ಬಂದದ್ದು

ಆಗ ಮುಂಬಯಿ ಹತ್ತಿ ಗಿರಣಿಗಳ ಊರು. ಪರೇಲ್, ಲಾಲ್‌ಬಾಗ್, ವರ್ಲಿಯ ಚಾಳುಗಳಲ್ಲಿ ಸಾವಿರಾರು ಕುಟುಂಬಗಳು ಗಿರಣಿಯ ಭೋಂಗಾ ಕೂಗಿಗೆ ಎದ್ದು ಮಲಗುತ್ತಿದ್ದವು. ಗಿರಣಿಗಳಲ್ಲಿ ಹೆಂಗಸರೂ ದುಡಿಯುತ್ತಿದ್ದರು. ಇಂಥ ಬಡ ಹೆಂಗಸರು ಬಸುರಿಯಾದಾಗ ಅವರಲ್ಲಿ ಕೆಲವರಿಗೆ ಒಂದು ಭಯಂಕರ ರಕ್ತಹೀನತೆ ಅಂಟಿಕೊಳ್ಳುತ್ತಿತ್ತು. ಮುಖ ಬಿಳಿಚಿಕೊಂಡು, ಕಾಲು ಬಾತು, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಇಂಥ ತೀವ್ರ ರಕ್ತಹೀನತೆ ಇರುವ ಬಸುರಿಗೆ ಹೆರಿಗೆಯ ಹೊತ್ತಿಗೆ ಹೃದಯವೇ ಸೋತುಹೋಗುವ ಅಪಾಯ ಇರುತ್ತದೆ.

ಬಾಣಂತಿಯರ ಸಾವಿನ ಕಾರಣ ತಿಳಿಯಲು ಭಾರತೀಯ ಸಂಶೋಧನಾ ನಿಧಿ ಸಂಘ ಒಂದು ವಿಚಾರಣೆ ಕೈಗೊಂಡಿತು. ಅದರ ಮುಂದಾಳುಗಳಲ್ಲಿ ಡಾ. ಮಾರ್ಗರೆಟ್ ಬಾಲ್ಫರ್ ಎಂಬ ಹಿರಿಯ ವೈದ್ಯೆ ಇದ್ದರು. ಭಾರತದಲ್ಲಿ ಬಹುಕಾಲ ಕೆಲಸ ಮಾಡಿದ ಅವರ ಕರೆಗೆ ಓಗೊಟ್ಟು 1928ರಲ್ಲಿ ಲೂಸಿ ಮುಂಬಯಿಗೆ ಬಂದರು. ಆಗ ಅವರ ವಯಸ್ಸು ನಲವತ್ತು.

ಕೆಲಸದ ಜಾಗ ಪರೇಲ್‌ನ ಹಳೆಯ ಗವರ್ನರ್ ಬಂಗಲೆ. ಪ್ಲೇಗಿನ ಲಸಿಕೆ ತಯಾರಿಸಿದ ಹಾಫ್‌ಕಿನ್ 1899ರಲ್ಲಿ ಅಲ್ಲಿ ಪ್ಲೇಗ್ ಪ್ರಯೋಗಾಲಯ ಆರಂಭಿಸಿದ್ದರು. 1925ರಿಂದ ಅದಕ್ಕೆ ಅವರದೇ ಹೆಸರು.

ಲೂಸಿ ಮೊದಲು ಕೇಳಿದ ಪ್ರಶ್ನೆ ಬಹಳ ಸರಳ. ಈ ಹೆಂಗಸರು ದಿನವೂ ಏನು ತಿನ್ನುತ್ತಾರೆ? ಅವರೂ ಸಹೋದ್ಯೋಗಿಗಳೂ ಬೇರೆ ಬೇರೆ ಸಮುದಾಯದ, ಬೇರೆ ಬೇರೆ ಆದಾಯದ ಮನೆಗಳ ಹೆಂಗಸರ ಊಟ, ವಾಸ, ಆರೋಗ್ಯದ ವಿವರಗಳನ್ನು ಸಂಗ್ರಹಿಸಿದರು. ಆ ಕಾಲದ ಅವರ ಪ್ರಬಂಧಗಳಲ್ಲಿ ಮೆಹ್ತಾ, ತಳಪದೆ, ಬಿಲಿಮೋರಿಯಾ ಎಂಬ ನಮ್ಮವರ ಹೆಸರುಗಳೂ ಜೊತೆಗಿವೆ. ಲೆಕ್ಕ ಹಾಕಿದಾಗ ಚಿತ್ರ ಸ್ಪಷ್ಟವಾಯಿತು. ಯಾರ ತಟ್ಟೆಯಲ್ಲಿ ಸತ್ವವುಳ್ಳ ಆಹಾರ ತೀರ ಕಡಿಮೆಯೋ ಅವರಿಗೇ ಈ ಕಾಯಿಲೆ ಹೆಚ್ಚು. ಎಲ್ಲರಿಗಿಂತ ಹೆಚ್ಚಾಗಿ ಅದು ಕಾಣಿಸಿದ್ದು ಬಡ ಮುಸ್ಲಿಂ ಕುಟುಂಬಗಳ ಹೆಂಗಸರಲ್ಲಿ, ಅವರ ಊಟವೇ ಎಲ್ಲರಿಗಿಂತ ಕಳಪೆಯಾಗಿತ್ತು.

ಇಲಿ, ಮಂಗ ಮತ್ತು ಒಂದು ಕಪ್ಪು ಲೇಹ್ಯ

ಈ ರಕ್ತಹೀನತೆಯಲ್ಲಿ ಒಂದು ವಿಚಿತ್ರವಿತ್ತು. ಕಬ್ಬಿಣದ ಕೊರತೆಯಾದರೆ ಕೆಂಪು ರಕ್ತಕಣಗಳು ಚಿಕ್ಕದಾಗುತ್ತವೆ. ಈ ಹೆಂಗಸರ ರಕ್ತಕಣಗಳು ಸಂಖ್ಯೆಯಲ್ಲಿ ಕಡಿಮೆಯಾಗಿ, ಗಾತ್ರದಲ್ಲಿ ದೊಡ್ಡದಾಗಿದ್ದವು. ಯುರೋಪಿನಲ್ಲಿ ಮಾರಕ ರಕ್ತಹೀನತೆ ಎಂದು ಹೆಸರಾಗಿದ್ದ ಕಾಯಿಲೆಯಲ್ಲೂ ಹೀಗೇ ಇರುತ್ತಿತ್ತು. ಅದಕ್ಕೆ 1926ರಲ್ಲಷ್ಟೇ ಅಮೆರಿಕದ ಮೈನಟ್ ಮತ್ತು ಮರ್ಫಿ ಎಂಬ ವೈದ್ಯರು ಪ್ರಾಣಿಗಳ ಯಕೃತ್ತು ತಿನ್ನಿಸುವ ಚಿಕಿತ್ಸೆ ಕಂಡುಹಿಡಿದಿದ್ದರು. ಆದರೆ ಯಕೃತ್ತಿನಿಂದ ಶುದ್ಧಗೊಳಿಸಿ ತೆಗೆದ ಸಾರ ಮುಂಬಯಿಯ ಗರ್ಭಿಣಿಯರ ಕಾಯಿಲೆಗೆ ನಾಟಲಿಲ್ಲ. ಹಾಗಾದರೆ ಇದು ಬೇರೆಯೇ ಕಾಯಿಲೆ, ಇಲ್ಲಿ ಬೇರೇನೋ ಕೊರತೆ ಇದೆ ಎಂದಾಯಿತು.

1929ರಲ್ಲಿ ಲೂಸಿ ಕೆಲಕಾಲ ನೀಲಗಿರಿಯ ಕೂನೂರಿನ ಪಾಸ್ಚರ್ ಸಂಸ್ಥೆಗೆ ಹೋದರು. ಕನ್ನಡಕ್ಕೆ ತೀರ ಹತ್ತಿರದ ಮಾತನ್ನಾಡುವ ಬಡಗರ ನಾಡು ಅದು. ಅಲ್ಲಿ ರಾಬರ್ಟ್ ಮೆಕ್ಯಾರಿಸನ್ ಆಹಾರ ಸಂಶೋಧನೆ ನಡೆಸುತ್ತಿದ್ದರು. ಅವರ ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಮುಂಬಯಿಯ ಬಡ ಹೆಂಗಸರು ಉಣ್ಣುವಂಥದೇ ಆಹಾರವನ್ನು ಲೂಸಿ ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳಿಗೂ ರಕ್ತಹೀನತೆ ಬಂತು. ಅದೇ ಆಹಾರಕ್ಕೆ ಯೀಸ್ಟ್ ಬೆರೆಸಿದರೆ ಬರಲಿಲ್ಲ. ಆದರೆ ಇಲಿಗಳ ಮೈಮೇಲಿನ ಹೇನಿನಿಂದ ಹರಡುವ ಒಂದು ಸೋಂಕೂ ಅವುಗಳ ರಕ್ತ ಕೆಡಿಸುತ್ತದೆ ಎಂದು ಆಮೇಲೆ ಗೊತ್ತಾಯಿತು. ಹಾಗಾಗಿ ಆ ಫಲಿತಾಂಶವನ್ನೇ ನಂಬಿ ಕೂರುವಂತಿರಲಿಲ್ಲ. ಅವರು ಮಂಗಗಳ ಮೇಲೆ ಪ್ರಯೋಗ ಮುಂದುವರಿಸಿದರು.

ಇಂಗ್ಲೆಂಡಿನಲ್ಲಿ ಬಿಯರ್ ತಯಾರಿಸಿದ ಮೇಲೆ ಉಳಿಯುವ ಯೀಸ್ಟಿನಿಂದ ಮಾರ್ಮೈಟ್ ಎಂಬ ಪದಾರ್ಥ ಮಾಡುತ್ತಾರೆ. ನೋಡಲು ನಮ್ಮ ಲೇಹ್ಯದ ಹಾಗೆ ಕಪ್ಪಗೆ, ರುಚಿಗೆ ಉಪ್ಪುಪ್ಪು. ಅಲ್ಲಿಯ ಜನ ಬ್ರೆಡ್ಡಿಗೆ ಸವರಿ ತಿನ್ನುತ್ತಾರೆ, ಬೆಲೆಯೂ ಅಗ್ಗ. ಸಾಯುವಂತಾಗಿದ್ದ ಒಂದು ಮಂಗಕ್ಕೆ, ಬೇರೆ ದಾರಿ ತೋಚದೆ ಲೂಸಿ ಈ ಮಾರ್ಮೈಟ್ ತಿನ್ನಿಸಿದರಂತೆ, ಮಂಗ ಚೇತರಿಸಿಕೊಂಡಿತಂತೆ. ಕಥೆ ಹೀಗೆ ಹೇಳುತ್ತಾ ಬಂದಿದ್ದಾರೆ. ಮಂಗನಿಗೆ ಆದದ್ದು ಮನುಷ್ಯರಿಗೂ ಆಯಿತು ಎಂಬುದು ಮಾತ್ರ ದಾಖಲೆಯಾದ ಸಂಗತಿ. ಕಾಯಿಲೆಯ ಹೆಂಗಸರಿಗೆ ಮಾರ್ಮೈಟ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಹೊಸ ರಕ್ತಕಣಗಳು ಹುಟ್ಟತೊಡಗಿದವು, ಹಸಿವು ಮರಳಿತು. 1931ರಲ್ಲಿ ಲೂಸಿ ಇದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅದೇ ವರ್ಷ ಮದ್ರಾಸಿನ ಹೆಂಗಸರ ಆಸ್ಪತ್ರೆಯಲ್ಲೂ ಅವರು ಕೆಲಸ ಮಾಡಿದರು.

ಯೀಸ್ಟಿನಲ್ಲಿ ಇರುವ ಆ ವಸ್ತು ಯಾವುದು ಎಂದು ಆಗ ಯಾರಿಗೂ ತಿಳಿಯದು. ವೈದ್ಯಲೋಕ ಅದನ್ನು ವಿಲ್ಸ್ ಫ್ಯಾಕ್ಟರ್ ಎಂದು ಕರೆಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಫೋಲಿಕ್ ಆಸಿಡ್ ಎಂದು ಹೆಸರಿಟ್ಟರು. 1945ರಲ್ಲಿ ಲೆಡರ್ಲೆ ಕಂಪನಿಯ ಪ್ರಯೋಗಾಲಯ ಅದನ್ನು ಕೃತಕವಾಗಿ ತಯಾರಿಸಿತು. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹೀಗೆ ಪರೇಲ್‌ನಲ್ಲಿ ಎದ್ದ ಪ್ರಶ್ನೆಗೆ ಅಮೆರಿಕದಲ್ಲಿ ಮಾತ್ರೆಯ ರೂಪ ಕೊಟ್ಟವರಲ್ಲೂ ನಮ್ಮವರೊಬ್ಬರಿದ್ದರು.

ಸೈಕಲ್ ತುಳಿದ ಡಾಕ್ಟರಮ್ಮ

1933ರಲ್ಲಿ ಲೂಸಿ ರಾಯಲ್ ಫ್ರೀ ಆಸ್ಪತ್ರೆಗೆ ಮರಳಿದರು. ಆದರೂ ಮುಂಬಯಿ ಮರೆಯಲಿಲ್ಲ. 1937ರ ಕೊನೆಯಲ್ಲಿ ಕರಾಚಿಯವರೆಗೆ ವಿಮಾನದಲ್ಲಿ, ಅಲ್ಲಿಂದ ಹಡಗಿನಲ್ಲಿ ಮತ್ತೆ ಬಂದು ಹಾಫ್‌ಕಿನ್ ಸಂಸ್ಥೆಯಲ್ಲಿ ಹತ್ತು ವಾರ ಕೆಲಸ ಮಾಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗರ್ಭಿಣಿಯರಿಗೆ ಕಬ್ಬಿಣದ ಮಾತ್ರೆ ಕೊಡುವುದರಿಂದ ಎಷ್ಟು ಉಪಯೋಗ ಎಂದು ಪರೀಕ್ಷಿಸಿದರು. 1944ರ ಜುಲೈನಲ್ಲಿ ರಾಯಲ್ ಫ್ರೀ ಆಸ್ಪತ್ರೆಯ ಮೇಲೇ ಹಾರುವ ಬಾಂಬು ಬಿದ್ದು ಜನ ಸತ್ತರು. ಕೆಲವೇ ದಿನಗಳಲ್ಲಿ ಪ್ರಯೋಗಾಲಯ ಮತ್ತೆ ಕೆಲಸ ಶುರುಮಾಡಿತು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿನ ರೋಗಶಾಸ್ತ್ರ ವಿಭಾಗ ಅವರ ಕೈಯಲ್ಲಿತ್ತು. ಆ ಆಸ್ಪತ್ರೆಯ ಮೊದಲ ರಕ್ತಶಾಸ್ತ್ರ ವಿಭಾಗ ಕಟ್ಟಿದವರೂ ಅವರೇ.

1947ರಲ್ಲಿ ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಜಮೈಕಾ, ಫಿಜಿ, ದಕ್ಷಿಣ ಆಫ್ರಿಕಾ ಎಂದು ಸುತ್ತಿ ಆಹಾರ ಮತ್ತು ರಕ್ತಹೀನತೆಯ ಅಧ್ಯಯನ ಮುಂದುವರಿಸಿದರು. ಲಂಡನ್ನಿನ ಚೆಲ್ಸಿಯಲ್ಲಿ ಲೇಬರ್ ಪಕ್ಷದಿಂದ ನಗರ ಸದಸ್ಯೆಯಾಗಿ ದುಡಿದರು. ಮದುವೆಯಾಗಲಿಲ್ಲ. ದೊಡ್ಡ ಡಾಕ್ಟರುಗಳು ಕಾರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಅವರು ಸೈಕಲ್ ತುಳಿದು ಆಸ್ಪತ್ರೆಗೆ ಹೋಗುತ್ತಿದ್ದರು. ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವುದು, ಗಿಡ ಬೆಳೆಸುವುದು ಅವರಿಗೆ ಪ್ರೀತಿ. 1964ರ ಏಪ್ರಿಲ್ 16ರಂದು, 75ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಕೆಲಸದ ಇನ್ನೊಂದು ಫಲವನ್ನು ಅವರು ನೋಡಲಿಲ್ಲ. ಗರ್ಭ ಧರಿಸುವ ಮೊದಲೇ ಫೋಲಿಕ್ ಆಸಿಡ್ ತೆಗೆದುಕೊಂಡರೆ ಮಗುವಿನ ಬೆನ್ನುಹುರಿ, ಮೆದುಳಿನ ಕೆಲವು ಹುಟ್ಟುದೋಷಗಳು ಬಹುಮಟ್ಟಿಗೆ ತಪ್ಪುತ್ತವೆ ಎಂದು 1991ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನ ತೋರಿಸಿಕೊಟ್ಟಿತು.

ನಮ್ಮ ಎದೆಗೂ ರಕ್ತಕ್ಕೂ ಇರುವ ನಂಟು

ಲೂಸಿ ವಿಲ್ಸ್ ನೋಡಿದ್ದು ಬಸುರಿಯರನ್ನು. ಆದರೆ ರಕ್ತಹೀನತೆಯ ಪೆಟ್ಟು ಯಾವ ವಯಸ್ಸಿನಲ್ಲೂ ಹೃದಯಕ್ಕೆ ತಟ್ಟುತ್ತದೆ. ಹಿಮೋಗ್ಲೋಬಿನ್ನಿನ ಕೆಲಸ ದೇಹಕ್ಕೆಲ್ಲ ಆಮ್ಲಜನಕ ಹೊರುವುದು. ಹೊರುವವರು ಕಡಿಮೆಯಾದರೆ ಗಾಡಿ ಹೆಚ್ಚು ಸಲ ಓಡಬೇಕು. ಹಾಗೆಯೇ ಹೃದಯ ಬೇಗ ಬೇಗ ಬಡಿದು ಹೆಚ್ಚು ರಕ್ತ ತಳ್ಳುತ್ತದೆ. ಇದು ವರ್ಷಗಟ್ಟಲೆ ನಡೆದರೆ ಹೃದಯಕ್ಕೆ ದಣಿವಾಗುತ್ತದೆ.

ಈಗ ನಮ್ಮ ಮನೆಗಳ ಹಿರಿಯರಲ್ಲಿ ಹೆಚ್ಚಾಗಿ ಕಾಣುವ ಏಟ್ರಿಯಲ್ ಫಿಬ್ರಿಲೇಶನ್ ಎಂಬ ತೊಂದರೆ ನೋಡಿ. ಹೃದಯದ ಮೇಲಿನ ಕೋಣೆಗಳು ಲಯಬದ್ಧವಾಗಿ ಬಡಿಯದೆ ಸುಮ್ಮನೆ ನಡುಗುತ್ತವೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇದಕ್ಕೆ ಬಡಿತ ಹಿಡಿತದಲ್ಲಿಡುವ ಮಾತ್ರೆ ಇದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಇದೆ. ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ, ತಪ್ಪು ಸಂದೇಶ ಕಳಿಸುವ ಜಾಗವನ್ನು ನಿಷ್ಕ್ರಿಯಗೊಳಿಸುವ ಅಬ್ಲೇಶನ್ ಎಂಬ ಚಿಕಿತ್ಸೆಯೂ ಇದೆ.

ಈ ರೋಗಿಗಳಲ್ಲಿ ರಕ್ತಹೀನತೆ ಇದ್ದವರು ಚಿಕಿತ್ಸೆಯ ನಂತರ ಹೆಚ್ಚು ಕಷ್ಟಪಡುತ್ತಾರೆ ಎಂದು ಹಲವು ಅಧ್ಯಯನಗಳು ಕಂಡಿವೆ. ರಕ್ತಸ್ರಾವ ಹೆಚ್ಚು, ಮತ್ತೆ ಆಸ್ಪತ್ರೆ ಸೇರುವುದು ಹೆಚ್ಚು, ಸಾವಿನ ಅಪಾಯವೂ ಹೆಚ್ಚು. ಇದಕ್ಕೆ ರಕ್ತಹೀನತೆಯೊಂದೇ ಕಾರಣ ಎನ್ನಲಾಗದು. ಎಷ್ಟೋ ಸಲ ಅದು ಒಳಗಿರುವ ಬೇರೆ ಕಾಯಿಲೆಯ ಸುಳಿವು. ಮೂತ್ರಪಿಂಡದ ತೊಂದರೆ ಇರಬಹುದು, ಹೊಟ್ಟೆ ಅಥವಾ ಕರುಳಿನಲ್ಲಿ ಗೊತ್ತಾಗದಂತೆ ರಕ್ತ ಸೋರುತ್ತಿರಬಹುದು. ರಕ್ತ ಹೆಪ್ಪುಗಟ್ಟದ ಮಾತ್ರೆ ಶುರುವಾದ ಮೇಲೆ ಆ ಸೋರಿಕೆ ಹೆಚ್ಚಾಗಬಹುದು. ಹಾಗಾಗಿಯೇ ಆ ಮಾತ್ರೆ ಕೊಡುವ ಮೊದಲು ಡಾಕ್ಟರು ಹಿಮೋಗ್ಲೋಬಿನ್ ನೋಡುತ್ತಾರೆ. ಅಬ್ಲೇಶನ್ ಆದ ಮೇಲೂ ಸುಸ್ತು, ಏದುಸಿರು ಹೋಗದಿದ್ದರೆ ಚಿಕಿತ್ಸೆ ಫಲಿಸಲಿಲ್ಲ ಎಂದು ಕೈಚೆಲ್ಲಬಾರದು. ಬಡಿತ ಸರಿಹೋಗಿದ್ದು, ರಕ್ತವೇ ಕಡಿಮೆ ಇರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ ಹೆಂಗಸರಿಗೆ 12 ಗ್ರಾಂ, ಗರ್ಭಿಣಿಗೆ 11, ಗಂಡಸರಿಗೆ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ದೇಶದಲ್ಲಿ ಶೇ. 57, ಮಹಾರಾಷ್ಟ್ರದಲ್ಲಿ ಶೇ. 54ರಷ್ಟು, ಕರ್ನಾಟಕದಲ್ಲಿ ಶೇ. 48ರಷ್ಟು ಮಂದಿಗೆ ರಕ್ತಹೀನತೆ ಇದೆ. ಗಿರಣಿಗಳು ಮುಚ್ಚಿ ಮಾಲುಗಳು ಎದ್ದರೂ ಲೂಸಿಯವರ ಪ್ರಶ್ನೆ ಹಾಗೆಯೇ ಉಳಿದಿದೆ.

ಉತ್ತರದ ಒಂದು ಭಾಗ ನಮ್ಮ ಅಡುಗೆಮನೆಯಲ್ಲೇ ಇದೆ. ಮೆಂತ್ಯ, ಪಾಲಕ್, ದಂಟು, ಹರಿವೆ ಸೊಪ್ಪುಗಳು, ಹೆಸರುಕಾಳು, ಕಡಲೆ, ಶೇಂಗಾ, ಕಿತ್ತಳೆ ಎಲ್ಲದರಲ್ಲೂ ಫೋಲೇಟ್ ಇದೆ. ಸೊಪ್ಪನ್ನು ಅತಿಯಾಗಿ ಬೇಯಿಸಿ ನೀರು ಬಸಿದು ಚೆಲ್ಲಿದರೆ ಅದು ನಷ್ಟವಾಗುತ್ತದೆ. ಕಬ್ಬಿಣದ ಅಂಶ ಮೈಗೆ ಹತ್ತಲು ಊಟದ ಜೊತೆ ನಿಂಬೆರಸ ಸಹಾಯಕ, ಊಟದ ಬೆನ್ನಿಗೇ ಕುಡಿಯುವ ಚಹಾ, ಕಾಫಿ ಅಡ್ಡಿ.

ಆದರೆ ಎಲ್ಲ ರಕ್ತಹೀನತೆಯೂ ಒಂದೇ ಅಲ್ಲ. ಲೂಸಿಯವರು ತೋರಿಸಿದ್ದೇ ಇದನ್ನು. ನಮ್ಮಲ್ಲಿ ಹೆಚ್ಚಾಗಿರುವುದು ಕಬ್ಬಿಣದ ಕೊರತೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ-12 ಕೊರತೆಯೂ ಸಾಮಾನ್ಯ. ಬಿ-12 ಕಡಿಮೆ ಇರುವವರು ತಾವಾಗಿಯೇ ಬರೀ ಫೋಲಿಕ್ ಆಸಿಡ್ ನುಂಗುತ್ತಾ ಹೋದರೆ ರಕ್ತ ಸುಧಾರಿಸಿದಂತೆ ಕಂಡರೂ ಒಳಗೊಳಗೇ ನರಗಳಿಗೆ ಹಾನಿಯಾಗಬಹುದು. ಆದ್ದರಿಂದ ಕೆಮಿಸ್ಟ್ ಅಂಗಡಿಯ ಟಾನಿಕ್ಕಿಗಿಂತ ಮೊದಲು ರಕ್ತಪರೀಕ್ಷೆ, ಕಾರಣ ತಿಳಿದ ಮೇಲೆ ಔಷಧಿ. ಹೃದಯದ ಚಿಕಿತ್ಸೆಗೆ ಹೋಗುವವರಂತೂ ಹಿಮೋಗ್ಲೋಬಿನ್ ಎಷ್ಟಿದೆ, ಕಡಿಮೆ ಇದ್ದರೆ ಯಾಕೆ ಎಂದು ಡಾಕ್ಟರನ್ನು ಬಾಯಿಬಿಟ್ಟು ಕೇಳಲೇಬೇಕು. ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಬಾರದು.

ಮನೆಯ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಂಡು, ಬೆಳಗಿನ ಲೋಕಲ್ ಹಿಡಿದು ಓಡುವ ಹೆಂಗಸರು ನಮ್ಮ ನಡುವೆ ಇಂದಿಗೂ ಎಷ್ಟೋ ಮಂದಿ. ಆ ಸುಸ್ತು ಹಣೆಬರಹವಲ್ಲ, ಅದಕ್ಕೊಂದು ಕಾರಣ ಇರುತ್ತದೆ, ಕಾರಣ ಸಿಕ್ಕರೆ ಮದ್ದೂ ಇರುತ್ತದೆ ಎಂದು ತೋರಿಸಿಕೊಟ್ಟವರು ಲೂಸಿ ವಿಲ್ಸ್. ಈ ತಿಂಗಳು ನಾವು ನಮ್ಮದೂ, ನಮ್ಮ ಅತ್ತೆ-ಅಮ್ಮಂದಿರದೂ, ಮಗಳದೂ, ಮನೆಗೆಲಸಕ್ಕೆ ಬರುವ ತಾಯಿಯದೂ ಹಿಮೋಗ್ಲೋಬಿನ್ ಒಮ್ಮೆ ನೋಡಿಸೋಣ. ಪರೇಲ್‌ನಲ್ಲಿ ನಮಗಾಗಿ ದುಡಿದ ಆ ಡಾಕ್ಟರಮ್ಮನಿಗೆ ಅದೇ ನಾವು ಸಲ್ಲಿಸಬಹುದಾದ ಗೌರವ.